ಅನಿರ್ವೇದ: ಸುಂದರಕಾಂಡದ ಎರಡು ಸರ್ಗಗಳ ಪಾಠ

ಸುಂದರಕಾಂಡದ ಪಾರಾಯಣವು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಮಗಳಿಗೆ ಕಂಕಣಭಾಗ್ಯ ಕೂಡಿಬರಲೆಂದು, ಮಗನಿಗೆ ಉದ್ಯೋಗ ದೊರೆಯಲೆಂದು, ಮನೆಯಲ್ಲಿ ಶಾಂತಿ ನೆಲಸಲೆಂದು ಸಂಕಲ್ಪಮಾಡಿ ಓದುವವರು ಅನೇಕರು. ಫಲವನ್ನು ಅಪೇಕ್ಷಿಸಿ ದೇವರ ಮುಂದೆ ಕುಳಿತುಕೊಳ್ಳುವುದು ಗೃಹಸ್ಥರಿಗೆ ಸಹಜವೇ. ಆದರೆ ಪ್ರಯತ್ನಿಸಿದರೂ ಫಲ ಕೈಗೂಡದಿದ್ದಾಗ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಉಪದೇಶವೂ ಅದೇ ಕಾಂಡದಲ್ಲಿದೆ ಎಂಬುದು ಪಾರಾಯಣದ ವೇಗದಲ್ಲಿ ಎಷ್ಟೋ ಸಲ ನಮ್ಮ ಗಮನಕ್ಕೆ ಬರುವುದಿಲ್ಲ. ಪ್ರಚಲಿತ ಪಾಠದ 12 ಮತ್ತು 13ನೆಯ ಸರ್ಗಗಳಲ್ಲಿ ಈ ವಿಷಯವು ವಿಸ್ತಾರವಾಗಿ ಬಂದಿದೆ. ಈ ಎರಡು ಸರ್ಗಗಳನ್ನು ಗೀತೆಯ ಬೆಳಕಿನಲ್ಲಿ ಯಥಾಮತಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ಅರ್ಥ

ಈ ಪ್ರಕರಣದ ಜೀವಾಳವಾದ ಪದ ‘ಅನಿರ್ವೇದ’. ಕಾರ್ಯವು ಕೆಟ್ಟಾಗ ‘ಇನ್ನು ನನ್ನಿಂದಾಗದು’ ಎಂದು ಮನಸ್ಸು ಕುಗ್ಗಿಹೋಗುವುದು ನಿರ್ವೇದ. ಹಾಗೆ ಕುಗ್ಗದಿರುವುದು ಅನಿರ್ವೇದ. ಸಂಪತ್ತಿಗೂ ಸುಖಕ್ಕೂ ಅನಿರ್ವೇದವೇ ಮೂಲವೆಂದು ಹನುಮಂತದೇವರು ಲಂಕೆಯಲ್ಲಿ ತಮಗೆ ತಾವೇ ಹೇಳಿಕೊಳ್ಳುವ ಸಂದರ್ಭವನ್ನು ವಾಲ್ಮೀಕಿಗಳು ವರ್ಣಿಸಿದ್ದಾರೆ.

ನಿರ್ವೇದ ಎಂಬ ಪದಕ್ಕೆ ಶಾಸ್ತ್ರದಲ್ಲಿ ಬೇರೆ ಅರ್ಥಗಳೂ ಉಂಟು. ವಿಷಯಸುಖಗಳಲ್ಲಿ ಹುಟ್ಟುವ ವೈರಾಗ್ಯವನ್ನೂ ನಿರ್ವೇದವೆನ್ನುತ್ತಾರೆ. ಅದು ಸಾಧಕನಿಗೆ ಬೇಕಾದದ್ದು. ಗೀತೆಯ ಎರಡನೆಯ ಅಧ್ಯಾಯದ 52ನೆಯ ಶ್ಲೋಕದಲ್ಲಿ ಬರುವ ಇದೇ ಪದಕ್ಕೆ ಶ್ರೀಮದಾಚಾರ್ಯರು ಸಂಪೂರ್ಣ ಲಾಭವೆಂಬ ಅರ್ಥವನ್ನು ಭಾಷ್ಯದಲ್ಲಿ ತಿಳಿಸಿಕೊಟ್ಟಿದ್ದಾರೆ. ಆದ್ದರಿಂದ ಸಂದರ್ಭವನ್ನು ನೋಡದೆ ಅರ್ಥಮಾಡುವುದು ಸಲ್ಲದು. ಇಲ್ಲಿ ನಿಷೇಧಿಸಿರುವುದು ವೈರಾಗ್ಯವನ್ನಲ್ಲ, ಕಾರ್ಯದ ನಡುವೆ ಕೈಚೆಲ್ಲುವುದನ್ನು. ಕೈಚೆಲ್ಲಿ ಕುಳಿತವನು ‘ನನಗೆ ವೈರಾಗ್ಯ ಬಂದಿದೆ’ ಎಂದು ಹೇಳಿಕೊಳ್ಳುವುದು ಲೋಕದಲ್ಲಿ ಅಪರೂಪವಲ್ಲವಾದ್ದರಿಂದ ಈ ವಿವೇಚನೆ ಅವಶ್ಯ.

ಕಥಾಸಂದರ್ಭ

ಸುಗ್ರೀವನು ಸೀತಾನ್ವೇಷಣೆಗಾಗಿ ವಾನರರನ್ನು ನಾಲ್ಕು ದಿಕ್ಕುಗಳಿಗೂ ಕಳುಹಿಸಿ ಒಂದು ತಿಂಗಳ ಅವಧಿಯನ್ನು ಗೊತ್ತುಪಡಿಸಿದ್ದನು. ಪೂರ್ವ, ಪಶ್ಚಿಮ, ಉತ್ತರಗಳಿಗೆ ಹೋದವರು ಬರಿಗೈಯಿಂದ ಹಿಂದಿರುಗಿದರು. ದಕ್ಷಿಣಕ್ಕೆ ಹೋದವರಿಗೆ ಸ್ವಯಂಪ್ರಭೆಯ ಗುಹೆಯಲ್ಲಿ ಅವಧಿಯೇ ಮೀರಿಹೋಯಿತು. ಅಂಗದನು ಸಮುದ್ರತೀರದಲ್ಲಿ ಪ್ರಾಯೋಪವೇಶಕ್ಕೆ ಕುಳಿತನು. ಅಲ್ಲಿ ಅವರಿಗೆ ದಾರಿ ತೋರಿಸಿದವನು ಯಾರು? ರೆಕ್ಕೆ ಸುಟ್ಟು ಬಿದ್ದಿದ್ದ ಸಂಪಾತಿ. ಸೂರ್ಯನತ್ತ ಹಾರಿ, ತಮ್ಮನಾದ ಜಟಾಯುವನ್ನು ಕಾಪಾಡಹೋಗಿ, ತನ್ನ ರೆಕ್ಕೆಗಳನ್ನು ಕಳೆದುಕೊಂಡವನು ಅವನು. ಹಾರಲಾರದ ಆ ಪಕ್ಷಿಗೆ ದೂರದ ಲಂಕೆಯನ್ನು ಕಾಣಬಲ್ಲ ಕಣ್ಣು ಉಳಿದಿತ್ತು. ಕಳೆದುಹೋದ ರೆಕ್ಕೆಯಿಂದಲ್ಲ, ಉಳಿದಿದ್ದ ಕಣ್ಣಿನಿಂದ ಅವನು ರಾಮಕಾರ್ಯಕ್ಕೆ ನೆರವಾದನು. ಆಗಲೇ ಅವನಿಗೆ ಹೊಸ ರೆಕ್ಕೆಗಳು ಮೂಡಿದವು.

ಅನಂತರ ಸಮುದ್ರಲಂಘನ. ಮೈನಾಕ, ಸುರಸೆ, ಸಿಂಹಿಕೆ, ಲಂಕಿಣಿ ಇವರೆಲ್ಲರನ್ನೂ ದಾಟಿ ಹನುಮಂತದೇವರು ರಾತ್ರಿಯಲ್ಲಿ ಲಂಕೆಯನ್ನು ಹೊಕ್ಕರು. ಶತಯೋಜನ ಸಮುದ್ರವನ್ನು ಹಾರಿದ ಮೇಲೆ ಕಾರ್ಯ ಮುಗಿದಂತೆಯೇ ಎಂದು ಕೇಳುವವರಿಗೆ ಅನಿಸುತ್ತದೆ. ಆದರೆ ನಿಜವಾದ ಹುಡುಕಾಟವು ಆರಂಭವಾಗುವುದು ಅಲ್ಲಿಂದ. ರಾಕ್ಷಸರ ಮನೆಮನೆಗಳನ್ನೂ, ಪುಷ್ಪಕವಿಮಾನವನ್ನೂ, ರಾವಣನ ಅಂತಃಪುರವನ್ನೂ ಹುಡುಕಿದರು. ಅಲ್ಲಿ ಮಲಗಿದ್ದ ಮಂಡೋದರಿಯನ್ನು ಕಂಡು ಸೀತಾದೇವಿಯರೇ ಇರಬಹುದೆಂದು ಕ್ಷಣಕಾಲ ಹರ್ಷಿಸಿ, ಕಂಬಗಳನ್ನೇರಿ, ಬಾಲವನ್ನು ಮುದ್ದಿಸಿ ಕುಣಿದರೆಂದು ಕವಿ ಹೇಳುತ್ತಾನೆ. ಮರುಕ್ಷಣವೇ ವಿಚಾರ ಮೂಡಿತು: ರಾಮನನ್ನು ಅಗಲಿದ ದೇವಿಯರು ಹೀಗೆ ಅಲಂಕರಿಸಿಕೊಂಡು ನಿದ್ರಿಸುವುದುಂಟೇ? ಇವರು ಅವರಲ್ಲ. ದೊರೆಯಿತೆಂದು ನಂಬಿದ್ದು ದೊರೆಯಲಿಲ್ಲವೆಂದು ತಿಳಿದಾಗಿನ ಸ್ಥಿತಿಯು ಏನೂ ದೊರೆಯದಿದ್ದಾಗಿನ ಸ್ಥಿತಿಗಿಂತ ಕಠಿಣವಾದುದು. ಮಹರ್ಷಿಯು ಅದನ್ನೂ ಬಿಡದೆ ಚಿತ್ರಿಸಿದ್ದಾನೆ.

ಎರಡನೆಯ ಸೋಲು

ಇಲ್ಲಿಂದ ಮುಂದಿನ ಕ್ರಮವನ್ನು ಸೂಕ್ಷ್ಮವಾಗಿ ಗಮನಿಸಬೇಕು. 12ನೆಯ ಸರ್ಗದಲ್ಲಿ ಮೊದಲ ಬಾರಿಗೆ ವಿಷಾದ ತೋರುತ್ತದೆ. ಇಷ್ಟು ದೂರ ಬಂದದ್ದು ವ್ಯರ್ಥವಾಯಿತೇ, ಹಿಂದಿರುಗಿದರೆ ವೃದ್ಧ ಜಾಂಬವಂತನೂ ಅಂಗದನೂ ಏನು ಹೇಳಿಯಾರು ಎಂಬ ಚಿಂತೆ. ಆಗ ಅನಿರ್ವೇದದ ವಿಚಾರ ಹುಟ್ಟುತ್ತದೆ. ಇನ್ನೊಮ್ಮೆ ಹುಡುಕುವ ನಿಶ್ಚಯವಾಗುತ್ತದೆ. ಪಾನಶಾಲೆ, ಚಿತ್ರಶಾಲೆ, ಲತಾಗೃಹ, ನೆಲಮಾಳಿಗೆ ಎಲ್ಲವನ್ನೂ ಮತ್ತೆ ಶೋಧಿಸುತ್ತಾರೆ. ಆ ಅಂತಃಪುರದಲ್ಲಿ ನಾಲ್ಕು ಅಂಗುಲದಷ್ಟು ಜಾಗವೂ ನೋಡದೆ ಉಳಿಯಲಿಲ್ಲವೆಂಬುದು ಕವಿಯ ಮಾತಿನ ಭಾವ.

ಧೈರ್ಯ ತಂದುಕೊಂಡು ಮತ್ತೆ ಪ್ರಯತ್ನಿಸಿದ್ದಕ್ಕೆ ಫಲ ದೊರೆಯಿತೇ? ಇಲ್ಲ. ಸಾಮಾನ್ಯವಾದ ಕಥೆಯಾಗಿದ್ದರೆ ಇಲ್ಲಿಯೇ ಫಲ ಬಂದುಬಿಡುತ್ತಿತ್ತು. ಆದಿಕಾವ್ಯವು ಹಾಗೆ ಸುಲಭದ ಮಾತನ್ನಾಡುವುದಿಲ್ಲ. ಎರಡನೆಯ ಸಲವೂ ಸೋಲಾಯಿತು; 13ನೆಯ ಸರ್ಗದಲ್ಲಿ ಬರುವ ವಿಷಾದವು ಮೊದಲನೆಯದಕ್ಕಿಂತ ಗಾಢವಾದುದು. ಒಮ್ಮೆ ಬಿದ್ದವನಿಗೆ ‘ಏಳು’ ಎಂದು ಹೇಳುವುದು ಸುಲಭ. ಎದ್ದು ನಡೆದು ಮತ್ತೆ ಬಿದ್ದವನಿಗೆ ಏನು ಹೇಳಬೇಕು? ಆ ಪ್ರಶ್ನೆಗೆ ಈ ಸರ್ಗವು ಉತ್ತರ ಕೊಡುತ್ತದೆ.

ಆಗ ಬರುವ ಆಲೋಚನಾಪರಂಪರೆ ಹೀಗಿದೆ: ನಾನು ಹಿಂದಿರುಗಿ ‘ದೇವಿಯರನ್ನು ಕಾಣಲಿಲ್ಲ’ ಎಂದರೆ ಶ್ರೀರಾಮನು ಪ್ರಾಣ ಬಿಡುವನು, ಅದನ್ನು ನೋಡಿ ಲಕ್ಷ್ಮಣನು, ವಾರ್ತೆ ಕೇಳಿ ಭರತ, ಶತ್ರುಘ್ನರು, ಮಕ್ಕಳನ್ನು ಕಳೆದುಕೊಂಡು ತಾಯಂದಿರು, ಮಿತ್ರಶೋಕದಿಂದ ಸುಗ್ರೀವನು, ಅನಂತರ ರುಮೆ, ತಾರೆ, ಅಂಗದ, ಕಡೆಗೆ ಇಡೀ ವಾನರಕುಲ. ಒಂದು ‘ಕಾಣಲಿಲ್ಲ’ ಎಂಬ ಮಾತಿನಿಂದ ಎರಡು ರಾಜವಂಶಗಳು ನಾಶವಾಗುವಷ್ಟು ದೂರ ಆಲೋಚನೆ ಓಡುತ್ತದೆ. ಇವುಗಳಲ್ಲಿ ಒಂದಾದರೂ ನಡೆದಿತ್ತೇ? ಕಿಷ್ಕಿಂಧೆಯಲ್ಲಿ ಶ್ರೀರಾಮನು ಜೀವಿಸಿದ್ದಾನೆ, ನಂದಿಗ್ರಾಮದಲ್ಲಿ ಭರತನಿದ್ದಾನೆ, ಲಂಕೆಯಲ್ಲಿ ದೇವಿಯರಿದ್ದಾರೆ. ಸೋತ ಮನಸ್ಸು ನಡೆದುಹೋದ ಒಂದು ಘಟನೆಯನ್ನು ಹಿಡಿದು, ನಡೆಯದ ನೂರು ಘಟನೆಗಳನ್ನು ಕಟ್ಟುವ ಬಗೆ ಇದೇ. ನಮ್ಮಲ್ಲಿ ಯಾರಿಗೆ ಇದರ ಪರಿಚಯವಿಲ್ಲ?

ಹಿಂದಿರುಗದೆ ವಾನಪ್ರಸ್ಥನಾಗಿ ಇಲ್ಲಿಯೇ ಉಳಿಯಲೇ, ಅಗ್ನಿಯನ್ನು ಪ್ರವೇಶಿಸಲೇ, ಸಮುದ್ರದಲ್ಲಿ ಮುಳುಗಲೇ ಎಂಬವರೆಗೆ ವಿಚಾರ ಸಾಗುತ್ತದೆ. ಅಲ್ಲಿಂದ ಅದು ಹಿಂದಿರುಗುತ್ತದೆ. ಸಾವಿನಲ್ಲಿ ದೋಷಗಳು ಅನೇಕ. ಬದುಕಿದ್ದವನು ಎಂದಾದರೊಂದು ದಿನ ಶುಭವನ್ನು ಕಂಡಾನು. ಆದ್ದರಿಂದ ಪ್ರಾಣವನ್ನು ಧರಿಸಿಯೇ ಇರುವೆನು ಎಂಬ ನಿರ್ಣಯ ಬರುತ್ತದೆ. ಆಮೇಲೆ ಕಣ್ಣು ಹೊರಗೆ ಹೊರಳುತ್ತದೆ. ದೊಡ್ಡ ಮರಗಳಿಂದ ಕೂಡಿದ ಒಂದು ವನ ಕಾಣಿಸುತ್ತದೆ. ‘ಇದನ್ನು ನಾನು ಇನ್ನೂ ಹುಡುಕಿಲ್ಲ!’ ಅದೇ ಅಶೋಕವನ.

ಅಶೋಕವನವು ಆ ಕ್ಷಣದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಲಂಕೆಯಲ್ಲಿ ಅದು ಮೊದಲಿನಿಂದಲೂ ಇತ್ತು. ‘ಸೋತದ್ದರಿಂದ ಏನೇನು ಹಾಳಾದೀತು’ ಎಂಬ ಎಣಿಕೆ ನಡೆದಿರುವವರೆಗೆ ಅದು ಗಮನಕ್ಕೆ ಬರಲಿಲ್ಲ. ಆ ಎಣಿಕೆ ನಿಂತು, ‘ಹುಡುಕದೆ ಉಳಿದ ಸ್ಥಳ ಯಾವುದು’ ಎಂಬ ದೃಷ್ಟಿ ಬಂದಾಗ ಕಾಣಿಸಿತು. ಹಿಂದಿನ ಶ್ರಮವೂ ವ್ಯರ್ಥವಾಗಲಿಲ್ಲ. ಅಂತಃಪುರದಲ್ಲಿ ದೇವಿಯರಿಲ್ಲವೆಂಬ ನಿಶ್ಚಯವನ್ನು ಅದು ಕೊಟ್ಟಿತ್ತು. ಸೋಲಿನಿಂದ ಉಳಿಸಿಕೊಳ್ಳಬೇಕಾದದ್ದು ಆ ತಿಳಿವಳಿಕೆ. ಬಿಡಬೇಕಾದದ್ದು ಅದರ ಶೋಕ. ಎರಡನ್ನೂ ಬಿಟ್ಟವನು ಮತ್ತೆ ಅದೇ ಅಂತಃಪುರವನ್ನು ಹುಡುಕುತ್ತಿರುತ್ತಾನೆ. ಎರಡನ್ನೂ ಹಿಡಿದವನು ಅಲ್ಲಿಯೇ ಕುಸಿದು ಕುಳಿತಿರುತ್ತಾನೆ.

ಒಂದು ಸಂದೇಹ, ಅದರ ಪರಿಹಾರ

ಮುಖ್ಯಪ್ರಾಣದೇವರ ಅವತಾರವಾದ ಹನುಮಂತದೇವರಿಗೆ ಅಜ್ಞಾನವಾಗಲಿ, ದುಃಖವಾಗಲಿ ಉಂಟೇ ಎಂಬ ಸಂದೇಹ ಇಲ್ಲಿ ಬರುವುದು ಸಹಜ. ನಮ್ಮ ಸಿದ್ಧಾಂತದಲ್ಲಿ ಅದಕ್ಕೆ ಎಡೆಯಿಲ್ಲ. ಜೀವೋತ್ತಮರಾದ ವಾಯುದೇವರ ಜ್ಞಾನವು ಅವತಾರಕಾಲದಲ್ಲಿಯೂ ಮರೆಯಾಗುವುದಿಲ್ಲ. ಸರ್ವಜ್ಞನಾದ ಶ್ರೀರಾಮನು ಪಂಪಾತೀರದಲ್ಲಿ ವಿಲಾಪಿಸಿದ್ದನ್ನು ಹೇಗೆ ಲೋಕವಿಡಂಬನವೆಂದು ತಿಳಿಯುತ್ತೇವೆಯೋ, ಹಾಗೆಯೇ ಈ ವಿಷಾದವನ್ನೂ ಲೋಕಶಿಕ್ಷಣಕ್ಕಾಗಿ ತೋರಿಸಿದ ನಟನೆಯೆಂದೇ ತಿಳಿಯಬೇಕು. ಈ ದೃಷ್ಟಿಯಿಂದ ನೋಡಿದರೆ ಪ್ರಕರಣದ ಬೆಲೆ ಹೆಚ್ಚುತ್ತದೆ. ದೇವರಿಗೆ ಬೇಕಿಲ್ಲದ ವಿಷಾದವನ್ನು ಇಷ್ಟು ವಿವರವಾಗಿ ಅಭಿನಯಿಸಿ ತೋರಿಸಿದ್ದು ಅದು ಬೇಕಾದಷ್ಟಿರುವ ನಮಗಾಗಿ. ಯಾವ ಮೆಟ್ಟಿಲುಗಳಿಂದ ಮನಸ್ಸು ಕೆಳಗಿಳಿಯುತ್ತದೆ, ಯಾವ ಮೆಟ್ಟಿಲುಗಳಿಂದ ಮೇಲೇರಬಹುದು ಎಂಬುದನ್ನು ಗುರುಗಳು ಶಿಷ್ಯನ ಮುಂದೆ ಇಳಿದು ಹತ್ತಿ ತೋರಿಸಿದಂತೆ ಇದು.

ಹಿಡಿಯುವ ಶಕ್ತಿ ಒಂದೇ

‘ಹಳೆಯದನ್ನು ಬಿಟ್ಟುಬಿಡು’ ಎಂದು ಎಲ್ಲರೂ ಹೇಳುತ್ತಾರೆ. ಬಿಡುವುದೇಕೆ ಕಷ್ಟ? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಭಗವಂತನು ಧೃತಿಯನ್ನು, ಎಂದರೆ ಹಿಡಿದದ್ದನ್ನು ಬಿಡದ ಶಕ್ತಿಯನ್ನು, ಮೂರಾಗಿ ವಿಂಗಡಿಸುತ್ತಾನೆ. ಮನಸ್ಸು, ಪ್ರಾಣ, ಇಂದ್ರಿಯಗಳ ವ್ಯಾಪಾರಗಳನ್ನು ಚಲಿಸದ ಯೋಗದಿಂದ ಧರಿಸುವ ಧೃತಿ ಸಾತ್ತ್ವಿಕವಾದುದು. ಫಲಾಪೇಕ್ಷೆಯಿಂದ ಧರ್ಮ, ಕಾಮ, ಅರ್ಥಗಳನ್ನು ಹಿಡಿಯುವುದು ರಾಜಸ. ನಿದ್ರೆ, ಭಯ, ಶೋಕ, ವಿಷಾದ, ಮದ ಇವುಗಳನ್ನು ದುರ್ಬುದ್ಧಿಯು ಯಾವ ಧೃತಿಯಿಂದ ಬಿಡದೆ ಹಿಡಿದುಕೊಂಡಿರುತ್ತಾನೋ ಅದು ತಾಮಸ.

ಈ ಮೂರನೆಯದನ್ನು ನಿಧಾನವಾಗಿ ಮನನ ಮಾಡಬೇಕು. ಶೋಕವನ್ನು ಬಿಡದಿರುವುದೂ ಒಂದು ಧೃತಿಯೇ! ಹತ್ತು ವರ್ಷಗಳ ಹಿಂದಿನ ಅವಮಾನವನ್ನು ಒಂದು ಅಕ್ಷರವೂ ತಪ್ಪದಂತೆ ನೆನಪಿಟ್ಟುಕೊಂಡವನಿಗೆ ‘ನನಗೆ ದೃಢತೆಯಿಲ್ಲ, ಹಿಡಿದ ಕಾರ್ಯವನ್ನು ನಡೆಸಲಾರೆ’ ಎಂದು ಹೇಳುವ ಹಕ್ಕಿಲ್ಲ. ದೃಢತೆ ಅವನಲ್ಲಿ ಬೇಕಾದಷ್ಟಿದೆ. ಹಿಡಿದ ವಸ್ತು ಮಾತ್ರ ಬೇರೆ. ಆದ್ದರಿಂದ ಗತಿಸಿದ್ದನ್ನು ಬಿಡುವುದು ಮತ್ತು ಗುರಿಯನ್ನು ಹಿಡಿಯುವುದು ಇವು ಎರಡು ಸಾಧನೆಗಳಲ್ಲ. ಮುಷ್ಟಿಯು ಒಂದೇ, ಅದರಲ್ಲಿರುವುದನ್ನು ಬದಲಾಯಿಸಬೇಕು. ಖಾಲಿ ಮುಷ್ಟಿಯನ್ನು ಬಹಳ ಹೊತ್ತು ಇಟ್ಟುಕೊಳ್ಳಲಾಗದು. ‘ಮರೆಯುತ್ತೇನೆ’ ಎಂದು ಹೊರಟವನು ಮರೆಯಲಾರದಿರುವುದಕ್ಕೂ, ಬೇರೊಂದು ಒಳ್ಳೆಯ ಕಾರ್ಯದಲ್ಲಿ ತೊಡಗಿದವನು ತಿಳಿಯದಂತೆಯೇ ಮರೆಯುವುದಕ್ಕೂ ಇದೇ ಕಾರಣ.

ಅದೇ ಅಧ್ಯಾಯದಲ್ಲಿ ಸಾತ್ತ್ವಿಕ ಕರ್ತೃವಿನ ಲಕ್ಷಣವೂ ಬರುತ್ತದೆ. ಅವನು ಧೃತಿ ಮತ್ತು ಉತ್ಸಾಹಗಳಿಂದ ಕೂಡಿದವನು, ಸಿದ್ಧಿ ಅಸಿದ್ಧಿಗಳಲ್ಲಿ ವಿಕಾರ ಹೊಂದದವನು. ತಾಮಸ ಕರ್ತೃವಿನ ಲಕ್ಷಣಗಳಲ್ಲಿ ವಿಷಾದವೂ, ಮಾಡಬೇಕಾದದ್ದನ್ನು ಎಳೆದಾಡುವ ದೀರ್ಘಸೂತ್ರತೆಯೂ ಒಟ್ಟಿಗೆ ಬಂದಿವೆ. ಹಿಂದಿನದನ್ನು ನೆನೆದು ಕೊರಗುವವನೇ ಇಂದಿನದನ್ನು ನಾಳೆಗೆ ತಳ್ಳುವವನೂ ಆಗಿರುತ್ತಾನೆ.

ಕಾರಣಗಳು ಐದು

ಶೋಕವನ್ನು ಬಿಡಿಸುವ ಇನ್ನೊಂದು ವಿಚಾರವೂ ಅಲ್ಲಿಯೇ ಇದೆ. ಯಾವುದೇ ಕರ್ಮವು ನಡೆಯಬೇಕಾದರೆ ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ವಿವಿಧ ಚೇಷ್ಟೆಗಳು ಮತ್ತು ದೈವ ಎಂಬ ಐದು ಕಾರಣಗಳು ಸೇರಬೇಕು. ಹೀಗಿರುವಾಗ ತನ್ನನ್ನು ಮಾತ್ರವೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲ ಎಂದು ಭಗವಂತನ ನಿರ್ಣಯ. ಈ ಮಾತನ್ನು ನಾವು ಸಾಮಾನ್ಯವಾಗಿ ಗೆದ್ದವನ ಗರ್ವಕ್ಕೆ ಅನ್ವಯಿಸುತ್ತೇವೆ. ಸೋತವನ ಆತ್ಮನಿಂದೆಗೂ ಅದು ಅಷ್ಟೇ ಅನ್ವಯಿಸುತ್ತದೆ. ‘ಎಲ್ಲವೂ ನನ್ನಿಂದಲೇ ಆಯಿತು’ ಎಂಬುದು ಎಷ್ಟು ಅಹಂಕಾರವೋ, ‘ಎಲ್ಲವೂ ನನ್ನಿಂದಲೇ ಕೆಟ್ಟಿತು’ ಎಂಬುದೂ ಅಷ್ಟೇ ಅಹಂಕಾರ. ಎರಡರಲ್ಲಿಯೂ ಉಳಿದ ನಾಲ್ಕು ಕಾರಣಗಳಿಗೆ ಸ್ಥಾನವಿಲ್ಲ.

ಹಾಗೆಂದು ‘ನನ್ನದೇನೂ ಇಲ್ಲ, ಎಲ್ಲವೂ ದೈವಚಿತ್ತ’ ಎಂದು ಜಾರಿಕೊಳ್ಳುವುದಕ್ಕೂ ಶಾಸ್ತ್ರ ಬಿಡುವುದಿಲ್ಲ. ಸ್ವತಂತ್ರ ಕರ್ತೃ ಶ್ರೀಹರಿಯೊಬ್ಬನೇ. ಆದರೂ ಜೀವನಿಗೆ ಅವನ ಅಧೀನವಾದ ಕರ್ತೃತ್ವ ಉಂಟು. ಅದಿಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಮಾಡಬೇಡ’ ಎಂಬ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಐದರಲ್ಲಿ ಒಂದು ಭಾಗ ನಮ್ಮದು. ಆ ಭಾಗದಲ್ಲಿ ಲೋಪವಿದ್ದರೆ ತಿದ್ದಿಕೊಳ್ಳಬೇಕು. ಉಳಿದದ್ದನ್ನು ಅವನಿಗೆ ಒಪ್ಪಿಸಬೇಕು. ಅಶೋಕವನವನ್ನು ಕಂಡ ಮೇಲೆ ಹನುಮಂತದೇವರು ಒಡನೆಯೇ ಹಾರಿಬಿಡಲಿಲ್ಲ. ಶ್ರೀರಾಮಲಕ್ಷ್ಮಣರಿಗೂ, ಸೀತಾದೇವಿಯರಿಗೂ, ದೇವತೆಗಳಿಗೂ ನಮಸ್ಕರಿಸಿ ಅನಂತರ ಪ್ರಾಕಾರದ ಮೇಲೆ ನೆಗೆದರು. ನಮಸ್ಕಾರವೂ ಬಂತು, ನೆಗೆತವೂ ಬಂತು. ನಮ್ಮಲ್ಲಿ ಕೆಲವರು ನಮಸ್ಕರಿಸಿ ಕುಳಿತುಬಿಡುತ್ತೇವೆ; ಕೆಲವರು ನಮಸ್ಕರಿಸದೆ ನೆಗೆಯುತ್ತೇವೆ.

ಲೌಕಿಕ ದೃಷ್ಟಾಂತಗಳು

ಬಹುಕಾಲ ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ಲೇಖಕನಿಗೆ ಈ ಸಂದರ್ಭದಲ್ಲಿ ಎರಡು ದೃಷ್ಟಾಂತಗಳು ತೋರುತ್ತವೆ. ರೈಲ್ವೆಯ ಪ್ರತಿಯೊಂದು ವಿಭಾಗದಲ್ಲಿಯೂ ಕಂಟ್ರೋಲ್ ಆಫೀಸು ಇರುತ್ತದೆ. ಅಲ್ಲಿ ಪ್ರತಿಯೊಂದು ಗಾಡಿಯ ಚಲನೆಯನ್ನೂ ಒಂದು ನಕ್ಷೆಯ ಮೇಲೆ ಗೆರೆಯಾಗಿ ಗುರುತಿಸುತ್ತಾರೆ. ಹಿಂದೆ ಪೆನ್ಸಿಲಿನಿಂದ ಎಳೆಯುತ್ತಿದ್ದ ಗೆರೆಗಳು ಈಗ ಗಣಕಯಂತ್ರದಲ್ಲಿ ಮೂಡುತ್ತವೆ, ತತ್ತ್ವ ಬದಲಾಗಿಲ್ಲ. ಗಾಡಿಯೊಂದು ನಲವತ್ತು ನಿಮಿಷ ತಡವಾದರೆ ಅದಕ್ಕೆ ಕಾರಣವನ್ನು ಬರೆದಿಡಬೇಕು, ಅದಕ್ಕೆ ವಿನಾಯಿತಿಯಿಲ್ಲ. ಆದರೆ ಮುಂದಿನ ನಿಲ್ದಾಣದಲ್ಲಿ ಯಾವ ಗಾಡಿಗೆ ದಾರಿ ಬಿಡಬೇಕೆಂಬ ನಿರ್ಧಾರವನ್ನು ಆ ಗಾಡಿ ಈಗ ಎಲ್ಲಿದೆ ಎಂಬುದರಿಂದ ಮಾಡುತ್ತಾರೆಯೇ ಹೊರತು, ವೇಳಾಪಟ್ಟಿಯ ಪ್ರಕಾರ ಅದು ಎಲ್ಲಿರಬೇಕಾಗಿತ್ತು ಎಂಬುದರಿಂದಲ್ಲ. ‘ಇರಬೇಕಾಗಿದ್ದ’ ಸ್ಥಾನವನ್ನು ಹಿಡಿದು ನಡೆಸಿದರೆ ಒಂದು ಗಾಡಿಯ ವಿಳಂಬ ಇಡೀ ವಿಭಾಗಕ್ಕೆ ಹರಡುತ್ತದೆ. ವೇಳಾಪಟ್ಟಿಯನ್ನು ರಚಿಸುವಾಗಲೇ ತಡವನ್ನು ತುಂಬಿಕೊಳ್ಳಲೆಂದು ಕೆಲವು ನಿಮಿಷಗಳನ್ನು ಸೇರಿಸಿರುತ್ತಾರೆ. ಅದಕ್ಕೆ ರಿಕವರಿ ಟೈಮ್ ಎಂದು ಹೆಸರು. ಸ್ವಲ್ಪ ತಡವಾಗುವುದು ಸಹಜವೆಂದು ತಿಳಿದೇ ವ್ಯವಸ್ಥೆಯನ್ನು ಕಟ್ಟಿದ್ದಾರೆ.

ಎರಡನೆಯದು ಮುಂಬಯಿಯಿಂದ ಉಡುಪಿಗೆ ಹೋಗುವ ಭಕ್ತರೆಲ್ಲರೂ ಕಂಡ ಕೊಂಕಣ ರೈಲ್ವೆ. 1990ರಲ್ಲಿ ಇದಕ್ಕಾಗಿ ನಿಗಮವು ಸ್ಥಾಪನೆಯಾಯಿತು, ಶ್ರೀ ಇ. ಶ್ರೀಧರನ್ ಅವರು ಅದರ ನೇತೃತ್ವ ವಹಿಸಿದರು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರುಗಳ ಮಾರ್ಗ. ಇದರಲ್ಲಿ ಅತಿ ಉದ್ದವಾದ ಸುರಂಗ ರತ್ನಾಗಿರಿಯ ಬಳಿಯ ಕರ್ಬುಡೆಯದು, ಸುಮಾರು ಆರೂವರೆ ಕಿಲೋಮೀಟರು. ಆದರೆ ಅತಿ ಹೆಚ್ಚು ಕಾಡಿದ್ದು ಗೋವೆಯ ಪೆರ್ಣೆಯಲ್ಲಿರುವ ಸುಮಾರು ಒಂದೂವರೆ ಕಿಲೋಮೀಟರಿನ ಸುರಂಗ. ಉದ್ದ ಕಡಿಮೆಯಾದರೂ ಅಲ್ಲಿಯದು ನೀರು ತುಂಬಿದ ಮೆದು ಮಣ್ಣು. ಬಂಡೆಯನ್ನು ಸಿಡಿಸಿದರೆ ಸುರಂಗ ನಿಲ್ಲುತ್ತದೆ. ಮೆದು ಮಣ್ಣನ್ನು ಅಗೆದರೆ ಅಗೆದದ್ದೇ ಕುಸಿದು ತುಂಬಿಕೊಳ್ಳುತ್ತದೆ. ಅದು ಮತ್ತೆ ಮತ್ತೆ ಕುಸಿಯಿತು. ಈ ಮಾರ್ಗದ ನಿರ್ಮಾಣದಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತರು. ಇಂದು ಸುಖವಾಗಿ ಕುಳಿತು ಕೃಷ್ಣದರ್ಶನಕ್ಕೆ ಹೋಗುವ ನಾವು ಅವರನ್ನು ಸ್ಮರಿಸಬೇಕು. ಉಳಿದ ಮಾರ್ಗವೆಲ್ಲ ಸಿದ್ಧವಾದ ಮೇಲೂ ಈ ಒಂದು ಸುರಂಗಕ್ಕಾಗಿ ಕಾಯಬೇಕಾಯಿತು. ಮಣ್ಣಿಗೆ ಆಸರೆ ಕೊಡುತ್ತ, ಸ್ವಲ್ಪ ಅಗೆದು, ಅಷ್ಟನ್ನು ಭದ್ರಪಡಿಸಿ, ಮತ್ತೆ ಸ್ವಲ್ಪ ಅಗೆದು ಕಡೆಗೆ ಅದನ್ನು ದಾಟಿದರು. 1998ರ ಜನವರಿಯಲ್ಲಿ ಪೂರ್ಣಮಾರ್ಗ ತೆರೆಯಿತು.

ವಿಷಾದವು ಆ ಮೆದು ಮಣ್ಣಿನಂತಹುದು. ಹೊರಗಿನ ವಿಘ್ನವು ಬಂಡೆಯಂತೆ. ಅದನ್ನು ಒಡೆದರೆ ಒಡೆದಂತೆಯೇ. ವಿಷಾದವನ್ನಾದರೋ ಇಂದು ಅಗೆದು ಹೊರಹಾಕಿದರೆ ನಾಳೆ ಮತ್ತೆ ತುಂಬಿಕೊಂಡಿರುತ್ತದೆ. ಒಂದೇ ಪೆಟ್ಟಿಗೆ ಅದನ್ನು ದಾಟಲಾಗದು. ದಿನವೂ ಸ್ವಲ್ಪ ಮುಂದುವರಿದು, ಅಷ್ಟನ್ನು ಜಪ, ಪಾರಾಯಣ, ಸತ್ಸಂಗಗಳ ಆಸರೆಯಿಂದ ಭದ್ರಪಡಿಸಿಕೊಳ್ಳುವುದೇ ಮಾರ್ಗ.

ನಮ್ಮ ಮನೆಗಳಲ್ಲಿ

ಊರು ಬಿಟ್ಟು ಬಂದ ನಮ್ಮ ಕುಟುಂಬಗಳಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಸಕ್ತಿಯುಂಟು. ಇಲ್ಲಿ ಹೊಲವಿಲ್ಲ, ಹಿರಿಯರ ಮನೆಯಿಲ್ಲ. ಮಕ್ಕಳ ವಿದ್ಯೆಯೇ ಆಸ್ತಿ. ಆದ್ದರಿಂದ ಒಂದು ಪರೀಕ್ಷೆಯ ಸೋಲು ಇಡೀ ಮನೆಯ ಸೋಲಾಗಿ ಕಾಣುತ್ತದೆ. ಫಲಿತಾಂಶ ಬಂದ ದಿನ ತಂದೆ ಮಾತನಾಡದೆ ಎದ್ದುಹೋಗುತ್ತಾರೆ. ತಾಯಿ ಊರಿಗೆ ಫೋನು ಮಾಡುವುದನ್ನು ನಿಲ್ಲಿಸುತ್ತಾರೆ. ಮಗು ತನ್ನ ಕೋಣೆಯಲ್ಲಿ ಹದಿಮೂರನೆಯ ಸರ್ಗದ ಆಲೋಚನೆಗಳನ್ನೇ ಆಲೋಚಿಸುತ್ತಿರುತ್ತದೆ: ‘ನನ್ನಿಂದ ಅಪ್ಪನಿಗೆ ಹೀಗಾದೀತು, ಅಮ್ಮನಿಗೆ ಹೀಗಾದೀತು.’ ಆ ಆಲೋಚನೆಯ ಸರಣಿ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಮಹರ್ಷಿ ಮುಚ್ಚಿಡದೆ ತಿಳಿಸಿದ್ದಾನೆ. ಆದ್ದರಿಂದ ಮಕ್ಕಳನ್ನು ಆ ಸ್ಥಿತಿಯಲ್ಲಿ ಒಂಟಿಯಾಗಿ ಬಿಡಬಾರದು. ಪ್ರಾಣದ ಮೇಲಿನ ಬೇಸರದ ಮಾತು ಬಂದರೆ ಅದನ್ನು ಹಗುರವಾಗಿ ಕಾಣದೆ ಪಕ್ಕದಲ್ಲಿ ಕುಳಿತು ಕೇಳಬೇಕು. ವೈದ್ಯರ ಸಹಾಯ ಪಡೆಯಲು ಸಂಕೋಚಪಡಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಇದೆ. ಅದರ ಸಂಖ್ಯೆ 14416. ಔಷಧ ಕೊಡಿಸುವುದು ಭಕ್ತಿಗೆ ವಿರೋಧವಲ್ಲ. ರಣರಂಗದಲ್ಲಿ ಲಕ್ಷ್ಮಣನಿಗಾಗಿ ಓಷಧಿಪರ್ವತವನ್ನೇ ಹೊತ್ತು ತಂದವರು ಹನುಮಂತದೇವರೇ ಅಲ್ಲವೇ?

ಗುರಿಯನ್ನು ಬಿಡದಿರುವುದು ಎಂದರೆ ಹಿಡಿದ ದಾರಿಯನ್ನು ಬಿಡದಿರುವುದು ಎಂದಲ್ಲ. ಹನುಮಂತದೇವರ ಗುರಿ ದೇವಿಯರ ದರ್ಶನ, ಅಂತಃಪುರವಲ್ಲ. ಅಂತಃಪುರವನ್ನು ಬಿಟ್ಟದ್ದರಿಂದಲೇ ಗುರಿ ಸಿಕ್ಕಿತು. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಆರು ಅವಕಾಶಗಳು ಮಾತ್ರ. ಆ ಆರೂ ಮುಗಿದವನಿಗೆ ‘ಮತ್ತೆ ಪ್ರಯತ್ನಿಸು’ ಎನ್ನುವುದು ಅರ್ಥವಿಲ್ಲದ ಮಾತು. ‘ನೀನು ಬಯಸಿದ್ದು ಲೋಕಸೇವೆಯೋ, ಆ ಹುದ್ದೆಯ ಹೆಸರೋ’ ಎಂದು ವಾತ್ಸಲ್ಯದಿಂದ ಕೇಳಬೇಕು. ಲೋಕಸೇವೆಯಾದರೆ ಹುಡುಕದ ವನಗಳು ಇನ್ನೂ ಅನೇಕ ಇವೆ. ಅಷ್ಟು ವರ್ಷ ಓದಿದ ಇತಿಹಾಸ, ಅರ್ಥಶಾಸ್ತ್ರ, ಕಾನೂನುಗಳು ಅವನ ಜೊತೆಯಲ್ಲಿಯೇ ಬರುತ್ತವೆ.

ಹಿರಿಯರ ಸೋಲು ಇನ್ನೊಂದು ಬಗೆಯದು. ಅದನ್ನು ಅವರು ಹೊರಗೆ ಹೇಳಿಕೊಳ್ಳುವುದಿಲ್ಲ. ಪಾಳಿಯ ಕೆಲಸ, ಲೋಕಲ್ ಗಾಡಿಯ ಪ್ರಯಾಣ, ಒಂದೇ ಕೋಣೆಯ ಸಂಸಾರ ಇವುಗಳ ನಡುವೆ ಸಂಧ್ಯಾವಂದನೆ ಬಿಟ್ಟುಹೋಯಿತು, ಏಕಾದಶಿ ತಪ್ಪಿತು, ಮಕ್ಕಳಿಗೆ ಸ್ತೋತ್ರಗಳನ್ನು ಕಲಿಸಲಾಗಲಿಲ್ಲ. ನಿವೃತ್ತಿಯಾದ ಮೇಲೆ ಕಾಲವಿದೆ. ಆದರೆ ‘ಮೂವತ್ತು ವರ್ಷ ಬಿಟ್ಟವನು ಈಗ ಯಾವ ಮುಖದಿಂದ ಆರಂಭಿಸಲಿ’ ಎಂಬ ಸಂಕೋಚ ಅಡ್ಡ ಬರುತ್ತದೆ. ಇಂತಹವರು ಸಂಧ್ಯಾವಂದನೆಯ ಕ್ರಮವನ್ನೇ ಒಮ್ಮೆ ಗಮನಿಸಬೇಕು. ಕಾಲ ಮೀರಿ ಸಂಧ್ಯೆಗೆ ಕುಳಿತವನಿಗೆ ಶಾಸ್ತ್ರವು ‘ಇಂದು ಬೇಡ, ಎದ್ದುಹೋಗು’ ಎನ್ನಲಿಲ್ಲ. ಪ್ರಾಯಶ್ಚಿತ್ತಾರ್ಘ್ಯವೆಂದು ಒಂದು ಅರ್ಘ್ಯವನ್ನು ಹೆಚ್ಚಾಗಿ ಕೊಡು, ಅನಂತರ ಮುಂದುವರಿಸು ಎಂದಿತು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಬೊಗಸೆ ನೀರು. ಉಳಿದ ಕಾಲವೆಲ್ಲ ಗಾಯತ್ರಿಗೆ. ಮೇಲೆ ಹೇಳಿದ ರಿಕವರಿ ಟೈಮಿಗಿಂತ ಎಷ್ಟೋ ಮೊದಲೇ ನಮ್ಮ ಹಿರಿಯರು ವಿಳಂಬಕ್ಕೆ ಅವಕಾಶ ಮಾಡಿಕೊಟ್ಟಿದ್ದರು. ದೀರ್ಘಕಾಲ ಬಿಟ್ಟವರು ಅದಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ಪುರೋಹಿತರಿಂದ ಕೇಳಿ ತಿಳಿದು ಮಾಡಿಕೊಂಡು, ಮರುದಿನದಿಂದಲೇ ಆರಂಭಿಸಬಹುದು.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳಿದ್ದೂ ಇದೇ ಪ್ರಶ್ನೆ. ಶ್ರದ್ಧೆಯಿದ್ದರೂ ಯೋಗದಿಂದ ಜಾರಿದವನು ಚದುರಿದ ಮೋಡದಂತೆ ಎರಡೂ ಕಡೆಯಿಲ್ಲದೆ ಹಾಳಾಗುವುದಿಲ್ಲವೇ? ಒಳ್ಳೆಯದನ್ನು ಮಾಡುವವನು ಯಾವನೂ ದುರ್ಗತಿಗೆ ಹೋಗಲಾರನೆಂದು ಭಗವಂತನು ಅಭಯವಿತ್ತನು. ಅಂತಹವನು ಮುಂದಿನ ಜನ್ಮದಲ್ಲಿ ಒಳ್ಳೆಯ ಮನೆಯಲ್ಲಿ ಹುಟ್ಟಿ, ಹಿಂದೆ ಗಳಿಸಿದ ಬುದ್ಧಿಯನ್ನು ಮರಳಿ ಪಡೆದು, ಅಲ್ಲಿಂದ ಮುಂದಕ್ಕೆ ಪ್ರಯತ್ನಿಸುತ್ತಾನೆ. ಸಾವಿನಿಂದಲೂ ಕಡಿಯದ ಸಾಧನೆಯು ಕೆಲವು ವರ್ಷಗಳ ಮರೆವಿನಿಂದ ಕಡಿದುಹೋಗುವುದೇ?

ಆಚರಣೆಗೆ ಕೆಲವು ಸೂಚನೆಗಳು

1. ಸೋಲಿನ ಕಾರಣವನ್ನು ಒಮ್ಮೆ, ಶಾಂತವಾದ ಹೊತ್ತಿನಲ್ಲಿ, ಕಾಗದದ ಮೇಲೆ ಬರೆಯಬೇಕು. ಐದು ಕಾರಣಗಳಲ್ಲಿ ತನ್ನ ಪಾಲು ಯಾವುದು ಎಂಬುದನ್ನು ಪ್ರತ್ಯೇಕಿಸಬೇಕು. ಬರೆದ ಮೇಲೆ ಅದನ್ನೇ ದಿನವೂ ಓದುತ್ತ ಕೂಡಬಾರದು.

2. ‘ಇದರಿಂದ ಏನಾದೀತು’ ಎಂಬ ಯೋಚನೆ ಹೊರಟಾಗ, ಅದರಲ್ಲಿ ನಿಜವಾಗಿ ನಡೆದದ್ದೆಷ್ಟು, ಮನಸ್ಸು ಕಟ್ಟಿದ್ದೆಷ್ಟು ಎಂದು ವಿಂಗಡಿಸಬೇಕು.

3. ‘ಇನ್ನೂ ಹುಡುಕದ ಸ್ಥಳ ಯಾವುದು’ ಎಂಬುದನ್ನು ಮನೆಯವರೆಲ್ಲರೂ ಕುಳಿತು ಆಲೋಚಿಸಬೇಕು. ಕುಸಿದವನಿಗೆ ಅದು ತಾನಾಗಿ ಕಾಣದಿರಬಹುದು. ದೂರದಿಂದ ನೋಡಬಲ್ಲ ಸಂಪಾತಿಯಂತಹ ಹಿರಿಯರು ಪ್ರತಿ ಮನೆಯಲ್ಲಿಯೂ ಇರುತ್ತಾರೆ.

4. ಆರಂಭಿಸುವ ಕಾರ್ಯ ಚಿಕ್ಕದಾಗಿರಲಿ, ನಿತ್ಯವಾಗಿರಲಿ. ದಿನಕ್ಕೊಂದು ಹೊತ್ತಿನ ಸಂಧ್ಯೆ, ಒಂದು ಸರ್ಗದ ಪಾರಾಯಣ, ಒಂದು ಗಂಟೆಯ ಅಭ್ಯಾಸ. ಎರಡನೆಯ ಸೋಲು ಬರಬಹುದೆಂಬುದನ್ನು ಮೊದಲೇ ತಿಳಿದಿರಲಿ.

5. ರಾತ್ರಿ ಮಲಗುವ ಮುನ್ನ ಆ ದಿನ ನಡೆದದ್ದನ್ನೂ ನಡೆಯದೆ ಉಳಿದದ್ದನ್ನೂ ಶ್ರೀಹರಿಗೆ ಸಮರ್ಪಿಸಬೇಕು. ಗೆಲುವನ್ನು ಮಾತ್ರ ಸಮರ್ಪಿಸಿ ಸೋಲನ್ನು ತನ್ನ ಬಳಿ ಇಟ್ಟುಕೊಳ್ಳುವುದು ಪೂರ್ಣ ಸಮರ್ಪಣೆಯಾಗದು.

ಮುಂದಿನ ಸಲ ಪಾರಾಯಣದಲ್ಲಿ ಹದಿಮೂರನೆಯ ಸರ್ಗ ಬಂದಾಗ ಓದುಗರು ಸ್ವಲ್ಪ ನಿಧಾನಿಸಿ, ಮನೆಯ ಮಕ್ಕಳಿಗೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕೆಂದು ಪ್ರಾರ್ಥನೆ. ಅಲ್ಲಿಂದ ಎರಡೇ ಸರ್ಗಗಳ ಅಂತರದಲ್ಲಿ, ಹದಿನೈದನೆಯದರಲ್ಲಿ, ಸೀತಾದೇವಿಯರ ದರ್ಶನವಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥